ಡ್ರೈವ್ ಇಳಿದರೂ ಟ್ರಿಮ್ ಗೇಜಿನ ಮುಳ್ಳು ಇಳಿಯುತ್ತಿಲ್ಲ (ಕಾರವಾರ, ಆಲ್ಫಾ ಒನ್)

ಕೋಡಿಬಾಗ ಡ್ರೈವರ್:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರ ಕೋಡಿಬಾಗದವನು. ಇಪ್ಪತ್ತೆರಡು ವರ್ಷ ಬೈತಖೋಲದ ಟ್ರಾಲರ್‌ಗಳಲ್ಲಿ ಇಂಜಿನ್ ನೋಡಿಕೊಂಡಿದ್ದೆ. ಅಲ್ಲಿ ಡೀಸೆಲ್ ಇಂಜಿನ್, ನೇರ ಶಾಫ್ಟ್, ಹಿಂದೆ ನೀರು ತಳ್ಳುವ ಫ್ಯಾನ್. ಏನು ಕೆಟ್ಟರೂ ಶಬ್ದ ಕೇಳಿಯೇ ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ಒಬ್ಬರ ಸ್ವಂತ ಬೋಟ್ ನನ್ನ ಕೈಯಲ್ಲಿದೆ. ಹದಿನೆಂಟು ಅಡಿಯ ಫೈಬರ್ ಬೋಟ್, ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಮರ್ಕ್ರೂಸರ್ 3.0 ಲೀಟರ್ ಪೆಟ್ರೋಲ್ ಇಂಜಿನ್, ಹಿಂದೆ ಆಲ್ಫಾ ಒನ್ ಜೆನ್ ಟೂ ಡ್ರೈವ್, ಅಂದರೆ ಬೋಟಿನ ಹೊರಗೆ ಇಳಿಬಿಟ್ಟ, ಫ್ಯಾನ್ ಇರುವ ಭಾಗ. ಡ್ರೈವನ್ನು ಬಟನ್ ಒತ್ತಿ ಮೇಲೆ ಕೆಳಗೆ ಮಾಡುವುದು (ಇದಕ್ಕೇ ಟ್ರಿಮ್ ಎನ್ನುತ್ತಾರೆ) ನನಗೆ ಹೊಸ ವಿದ್ಯೆ.

ತೊಂದರೆ ಇದು. ಟ್ರಿಮ್ ಗೇಜಿನ ಮುಳ್ಳು ಯಾವಾಗಲೂ ಮೇಲ್ತುದಿಯಲ್ಲೇ ನಿಂತಿರುತ್ತದೆ. ಬಟನ್ ಒತ್ತಿದರೆ ಪಂಪ್ ಓಡುತ್ತದೆ, ಡ್ರೈವ್ ಸರಿಯಾಗಿ ಏರುತ್ತದೆ, ಇಳಿಯುತ್ತದೆ. ಮುಳ್ಳು ಮಾತ್ರ ಅಲುಗುವುದಿಲ್ಲ. ಒಮ್ಮೊಮ್ಮೆ ಅಲೆಗೆ ಬೋಟ್ ಹಾರಿ ಬಿದ್ದಾಗ ಒಂದು ಕ್ಷಣ ಕೆಳಗೆ ಜಿಗಿದು ಮತ್ತೆ ಮೇಲೆ ಹೋಗುತ್ತದೆ. ಗೇಜಿನ ಲೈಟ್ ಉರಿಯುತ್ತದೆ. ಉಳಿದ ಗೇಜ್‌ಗಳೆಲ್ಲ ಸರಿ ಇವೆ.

ಹೋದ ವಾರ ದೇವಬಾಗ ಕಡೆಯಿಂದ ವಾಪಸ್ ಬರುತ್ತಿದ್ದೆ. ನೀರು ಇಳಿಯುತ್ತಿತ್ತು. ಕಾಳಿ ಅಳಿವೆಯಲ್ಲಿ ಮರಳು ದಿಬ್ಬ ಪ್ರತಿ ಮಳೆಗಾಲ ಕಳೆದ ಮೇಲೆ ಜಾಗ ಬದಲಿಸುತ್ತದೆ, ಇದು ಇಲ್ಲಿಯವರಿಗೆಲ್ಲ ಗೊತ್ತು. ಮುಳ್ಳು ಮೇಲಿದೆ, ಡ್ರೈವ್ ಎತ್ತಿಯೇ ಇದೆ ಎಂದುಕೊಂಡು ನಿಧಾನಕ್ಕೆ ಬಂದೆ. ನಿಜದಲ್ಲಿ ಡ್ರೈವ್ ಪೂರ್ತಿ ಕೆಳಗಿತ್ತು. ಡ್ರೈವಿನ ತಳದ ರೆಕ್ಕೆ, ಅಂದರೆ ಸ್ಕೆಗ್, ಮರಳಿಗೆ ಉಜ್ಜಿ ಬೋಟ್ ನಿಂತೇಬಿಟ್ಟಿತು. ತಕ್ಷಣ ಇಂಜಿನ್ ಆಫ್ ಮಾಡಿ, ನೀರಿಗಿಳಿದು ತಳ್ಳಿದೆ. ಬೋಟಿನಲ್ಲಿ ನಾನೊಬ್ಬನೇ ಇದ್ದೆ, ಅದೇ ಪುಣ್ಯ.

ಒಬ್ಬರು ಗೇಜ್ ಬದಲಿಸು ಎನ್ನುತ್ತಾರೆ. ಇನ್ನೊಬ್ಬರು ಹಿಂದಿನ ಸೆಂಡರ್ ಹೋಗಿದೆ ಎನ್ನುತ್ತಾರೆ. ಯಾವುದು ಕೆಟ್ಟಿದೆ ಎಂದು ಖಚಿತ ಮಾಡಿಕೊಳ್ಳದೆ ಸುಮ್ನೆ ಸಾಮಾನು ತರಿಸಿ ಮಾಲಕರ ದುಡ್ಡು ಹಾಳು ಮಾಡಲು ನನಗೆ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಬೇಕು?

ಅವಸರಕ್ಕೂ ಕಾರಣ ಇದೆ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ನರಸಿಂಹ ದೇವರ ಜಾತ್ರೆ. ಮಾಲಕರ ತಾಯಿಗೆ ಎಪ್ಪತ್ತೆಂಟು ವರ್ಷ, ಈ ಸಲ ಬಾಳೆಗೊನೆ ಒಪ್ಪಿಸಬೇಕು ಎಂದು ಹೇಳಿಕೊಂಡಿದ್ದಾರೆ. ಹುಣ್ಣಿಮೆ ದಿನ ಇಳಿತ ಜೋರು. ಸಂಜೆ ವಾಪಸ್ ಬರುವಾಗ ಅಳಿವೆಯಲ್ಲಿ ನೀರು ತೀರ ಕಡಿಮೆ ಇರುತ್ತದೆ. 2019ರ ಜನವರಿಯಲ್ಲಿ ಇದೇ ಜಾತ್ರೆಯಿಂದ ಬರುವಾಗ ಬೋಟ್ ಮಗುಚಿ 16 ಜನ ಹೋದರು. ಆ ದಿನ ದಡದಲ್ಲಿ ನಿಂತು ನೋಡಿದವನು ನಾನು. ಮುಳ್ಳು ಸುಳ್ಳು ಹೇಳುವ ಬೋಟಿನಲ್ಲಿ ಆ ಅಮ್ಮನನ್ನು ಕೂರಿಸುವುದಿಲ್ಲ.

ತದಡಿ ತಾಂಡೇಲ:

ತಮ್ಮಾ, ನನ್ನದು ಔಟ್‌ಬೋರ್ಡ್ ಇಂಜಿನ್, ಗೇಜೇ ಇಲ್ಲ. ಅಘನಾಶಿನಿ ಅಳಿವೆಯಲ್ಲಿ ನಲವತ್ತು ವರ್ಷದಿಂದ ಹೋಗಿ ಬರುತ್ತಿದ್ದೇನೆ. ರಿಪೇರಿ ಆಗುವವರೆಗೆ ನೀನು ಒಂದು ಕೆಲಸ ಮಾಡು. ಡ್ರೈವ್ ಪೂರ್ತಿ ಇಳಿಸು. ಅಲ್ಲಿಂದ ಬಟನ್ ಒತ್ತಿ ಒಂದು, ಎರಡು, ಮೂರು ಎಂದು ಎಣಿಸು. ದಡದಲ್ಲಿ ಒಬ್ಬ ನಿಂತು ಡ್ರೈವ್ ಎಷ್ಟು ಎತ್ತಿತು ಎಂದು ಕೋಲು ಹಿಡಿದು ಅಳೆಯಲಿ. ಎಷ್ಟು ಎಣಿಸಿದರೆ ಎಷ್ಟು ಏಳುತ್ತದೆ ಎಂದು ಬರೆದಿಟ್ಟುಕೋ. ಸಂಶಯ ಬಂದರೆ ಪೂರ್ತಿ ಇಳಿಸಿ ಮತ್ತೆ ಮೊದಲಿನಿಂದ ಎಣಿಸು, ಆದರೆ ಅದನ್ನು ಆಳ ಇರುವ ಕಡೆಯೇ ಮಾಡಿ ಮುಗಿಸು.

ಓಡುವಾಗ ಬೋಟಿನ ಮೂತಿ ನೋಡು. ಮೂತಿ ಮೇಲೆ ಕೆಳಗೆ ಕುಣಿಯಲು ಶುರು ಮಾಡಿದರೆ ಜಾಸ್ತಿ ಎತ್ತಿದ್ದೀಯ ಎಂದು ಅರ್ಥ. ಇಂಜಿನ್ ಸದ್ದು ಒಮ್ಮೆಗೇ ಏರಿ ವೇಗ ಏರದಿದ್ದರೆ ಫ್ಯಾನ್ ಗಾಳಿ ಎಳೆಯುತ್ತಿದೆ. ಮೂತಿ ನೀರು ಅಗೆಯುತ್ತ ಸ್ಟಿಯರಿಂಗ್ ಭಾರ ಆದರೆ ತೀರ ಇಳಿಸಿದ್ದೀಯ.

ಗೇಜ್ ಸರಿ ಮಾಡಿಸು, ಬೇಡ ಎನ್ನುವುದಿಲ್ಲ. ವಯಸ್ಸಾದವರನ್ನು ಕೂರಿಸಿಕೊಳ್ಳುವ ಬೋಟು.

ಶಿರಸಿ ವೈರ್‌ಮನ್:

ಡ್ರೈವರಣ್ಣ, ನಾನು ಘಟ್ಟದ ಮೇಲಿನವನು. ತೋಟದ ಪಂಪ್‌ಸೆಟ್, ಮೋಟರ್, ಜೀಪಿನ ವೈರಿಂಗ್ ನನ್ನ ಕೆಲಸ. ನಿಮ್ಮ ಬೋಟಿನ ಡ್ರೈವ್ ನಾನು ಕಣ್ಣಲ್ಲಿ ಕಂಡಿಲ್ಲ. ಆದರೆ ಗೇಜಿನ ಸರ್ಕೀಟ್ ಜೀಪಿನ ಡೀಸೆಲ್ ಗೇಜಿನ ಹಾಗೆಯೇ ಇದೆ. ಟ್ಯಾಂಕಿನಲ್ಲಿ ತೇಲುಬುರುಡೆ ಇರುವ ಜಾಗದಲ್ಲಿ ನಿಮ್ಮಲ್ಲಿ ಡ್ರೈವಿನ ಜೊತೆ ತಿರುಗುವ ಸೆಂಡರ್ ಇದೆ. ಅದು ತಿರುಗಿದ ಹಾಗೆ ಓಮ್ ಹೆಚ್ಚು ಕಡಿಮೆ ಆಗುತ್ತದೆ, ಗೇಜ್ ಅದನ್ನು ಮುಳ್ಳಿನಲ್ಲಿ ತೋರಿಸುತ್ತದೆ.

ಸೆಂಡರ್ ಮುಟ್ಟಲು ಹಿಂದೆ ಹೋಗಬೇಡಿ, ಡ್ಯಾಶ್‌ಬೋರ್ಡಿನಿಂದಲೇ ಶುರು ಮಾಡಿ. ಗೇಜಿನ ಬೆನ್ನಲ್ಲಿ ಮೂರು ಕಡ್ಡಿ ಇರುತ್ತವೆ. ಐ ಎಂದರೆ ಇಗ್ನಿಷನ್, ಜಿ ಎಂದರೆ ಗ್ರೌಂಡ್, ಎಸ್ ಎಂದರೆ ಸೆಂಡರ್. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಐ ಮತ್ತು ಜಿ ನಡುವೆ ನೋಡಿ. ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಬರದಿದ್ದರೆ ಕಡ್ಡಿ ಸಡಿಲ ಇದೆ ಅಥವಾ ಗ್ರೌಂಡ್ ಇಲ್ಲ, ಅಲ್ಲೇ ಹುಡುಕಿ.

ವೋಲ್ಟ್ ಸರಿ ಇದ್ದರೆ ಎಸ್ ಕಡ್ಡಿಯ ವೈರ್ ಕಳಚಿ. ಮುಳ್ಳು ಒಂದು ತುದಿಗೆ ಹೋಗಬೇಕು. ಆಮೇಲೆ ಒಂದು ತುಂಡು ವೈರಿನಿಂದ ಎಸ್ ಮತ್ತು ಜಿ ಎರಡನ್ನೂ ಒಂದು ಕ್ಷಣ ಸೇರಿಸಿ. ಮುಳ್ಳು ಇನ್ನೊಂದು ತುದಿಗೆ ಹೋಗಬೇಕು. ಹೀಗೆ ಎರಡೂ ತುದಿಗೆ ಹೋದರೆ ಗೇಜ್ ಆರೋಗ್ಯವಾಗಿದೆ, ಹೊಸದಕ್ಕೆ ದುಡ್ಡು ಹಾಕಬೇಡಿ. ವೈರನ್ನು ಐ ಕಡ್ಡಿಗೆ ಮಾತ್ರ ತಾಗಿಸಬೇಡಿ, ಫ್ಯೂಸ್ ಹೋಗುತ್ತದೆ.

ಮೂರನೆಯದು ಹಿಂದಿನ ತುದಿ. ಇಂಜಿನ್ ಗೂಡಿನಲ್ಲಿ ಸೆಂಡರಿನ ವೈರ್ ಬಂದು ಸೇರುವ ಜಾಗ ಇರುತ್ತದೆ. ಅಲ್ಲಿ ಬಿಡಿಸಿ, ಗೇಜ್ ಕಡೆಗೆ ಹೋಗುವ ವೈರನ್ನು ಗ್ರೌಂಡಿಗೆ ತಾಗಿಸಿ. ಮುಳ್ಳು ಅಲುಗಿದರೆ ಬೋಟಿನ ಉದ್ದಕ್ಕೂ ವೈರ್ ಸರಿ ಇದೆ. ಅಲುಗದಿದ್ದರೆ ಮಧ್ಯೆ ಎಲ್ಲೋ ತುಂಡಾಗಿದೆ. ಕೊನೆಗೆ ಕೀ ಆಫ್ ಮಾಡಿ, ಸೆಂಡರಿನ ಎರಡು ವೈರ್ ನಡುವೆ ಓಮ್ ಅಳೆಯಿರಿ. ಕರೆಂಟ್ ಇರುವಾಗ ಓಮ್ ಅಳೆದರೆ ಲೆಕ್ಕ ತಪ್ಪು ಬರುತ್ತದೆ, ಮೀಟರೂ ಹಾಳು.

ನನಗೆ ಈಗಲೇ ವೈರ್ ಮೇಲೆ ಅನುಮಾನ. ಅಲೆಗೆ ಬಿದ್ದಾಗ ಮುಳ್ಳು ಒಂದು ಕ್ಷಣ ಜಿಗಿಯುತ್ತದೆ ಎಂದಿರಲ್ಲ, ಅದಕ್ಕೆ. ಪೂರ್ತಿ ಸತ್ತ ಸಾಮಾನು ಹಾಗೆ ಜಿಗಿಯುವುದಿಲ್ಲ. ಎಲ್ಲೋ ತಾಗಿ ತಾಗದ ಹಾಗಿದೆ.

ಅಂಕೋಲಾ–ಗೋವಾ:

ವೈರ್‌ಮನ್ ಹೇಳಿದ ಕ್ರಮ ಸರಿ ಇದೆ. ಆದರೆ ಮೀಟರ್ ಹಿಡಿಯುವ ಮೊದಲು ಒಂದು ಮಾತು, ದಯವಿಟ್ಟು ಇದನ್ನು ದಾಟಿ ಹೋಗಬೇಡಿ. ಡ್ರೈವರಣ್ಣ, ನಿಮ್ಮದು ಡೀಸೆಲ್ ಅಭ್ಯಾಸದ ಕೈ. ಇದು ಪೆಟ್ರೋಲ್ ಬೋಟ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಇಂಜಿನ್ ಗೂಡಿನ ತಳದಲ್ಲಿ ಹೋಗಿ ಕೂರುತ್ತದೆ. ಅಲ್ಲಿ ವೈರ್ ತಾಗಿಸಿ ಒಂದು ಕಿಡಿ ಹಾರಿದರೆ ಸಾಕು. ಮೊದಲು ಮುಚ್ಚಳ ಪೂರ್ತಿ ತೆರೆಯಿರಿ, ಗೂಡಿನ ಗಾಳಿ ಹೊರಗೆಳೆಯುವ ಬ್ಲೋವರ್ ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಮೂಗಿನಿಂದ ವಾಸನೆ ನೋಡಿ. ವಾಸನೆ ಬಂದರೆ ಆ ದಿನ ಕೆಲಸವೇ ಬೇಡ, ಸೋರುವ ಜಾಗ ಹುಡುಕಿ. ಓಮ್ ಅಳೆಯುವಾಗ ಬ್ಯಾಟರಿಯ ಮೈನಸ್ ಬಿಚ್ಚಿಡಿ.

ನಾನು ಅಂಕೋಲದವನು, ಹನ್ನೊಂದು ವರ್ಷದಿಂದ ಗೋವಾದಲ್ಲಿ ಇಂಥ ಡ್ರೈವ್‌ಗಳನ್ನೇ ಬಿಚ್ಚಿ ಕೂಡಿಸುತ್ತಿದ್ದೇನೆ. ನಿಮ್ಮ ಡ್ರೈವಿನ ಮೇಲ್ಭಾಗದಲ್ಲಿ, ಡ್ರೈವ್ ಎತ್ತುವಾಗ ತಿರುಗುವ ಪಿನ್ನಿನ ಎರಡೂ ಬದಿಗೆ ಒಂದೊಂದು ದುಂಡನೆಯ ಕಪ್ಪು ಡಬ್ಬಿ ಕಾಣುತ್ತದೆ. ಬೋಟಿನೊಳಗೆ ಮುಂದೆ ಮುಖ ಮಾಡಿ ನಿಂತರೆ ಬಲಗಡೆಯದು ಗೇಜಿಗೆ ಹೋಗುವ ಸೆಂಡರ್. ಎಡಗಡೆಯದು ಲಿಮಿಟ್ ಸ್ವಿಚ್. ನೋಡಲು ಎರಡೂ ಒಂದೇ ಥರ, ಕೆಲಸ ಬೇರೆ. ಗೇಜಿನಿಂದ ಬರುವ ವೈರ್ ಕಂದು ಬಣ್ಣಕ್ಕೆ ಬಿಳಿ ಪಟ್ಟಿ ಇರುವುದು. ಇಗ್ನಿಷನ್ ವೈರ್ ನೇರಳೆ, ಗ್ರೌಂಡ್ ಕಪ್ಪು.

ಸೆಂಡರ್ ಒಳ್ಳೆಯದಿದ್ದರೆ ಡ್ರೈವ್ ಪೂರ್ತಿ ಕೆಳಗಿರುವಾಗ ಸುಮಾರು 10 ಓಮ್ ತೋರಿಸುತ್ತದೆ. ಎತ್ತುತ್ತಾ ಹೋದರೆ ಸಮನಾಗಿ ಏರಿ 160 ದಾಟುತ್ತದೆ. ಮಧ್ಯೆ ಎಲ್ಲೂ ಹಾರಬಾರದು. ವೈರ್ ತುಂಡಾದರೆ ಓಮ್ ಲೆಕ್ಕಕ್ಕೇ ಸಿಗುವುದಿಲ್ಲ, ಮುಳ್ಳು ಮೇಲ್ತುದಿಗೆ ಹೋಗಿ ಅಲ್ಲೇ ಕೂರುತ್ತದೆ. ನಿಮ್ಮ ಲಕ್ಷಣ ಅದೇ. ಬೇರೆ ಕಂಪನಿಯ ಡ್ರೈವಿಗೆ ಈ ಲೆಕ್ಕ ಹಿಡಿಯಬೇಡಿ, ಒಂದೊಂದರ ಓಮ್ ಒಂದೊಂದು ಥರ.

ಓಮ್ ಅಳೆಯುವಾಗ ಸುಮ್ಮನೆ ನಿಂತು ಅಳೆಯಬೇಡಿ. ಒಬ್ಬರು ಸ್ಟಿಯರಿಂಗನ್ನು ಎಡತುದಿಯಿಂದ ಬಲತುದಿಗೆ ನಿಧಾನ ತಿರುಗಿಸಲಿ. ನೀವು ಮೀಟರ್ ನೋಡುತ್ತಿರಿ. ಈ ವೈರ್‌ಗಳು ಡ್ರೈವಿನ ಜೊತೆ ಅತ್ತಿತ್ತ ತಿರುಗುತ್ತವೆ, ಮೇಲೆ ಕೆಳಗೆ ಬಾಗುತ್ತವೆ, ಉಪ್ಪು ನೀರಲ್ಲೇ ಇರುತ್ತವೆ. ಸೆಂಡರ್ ಒಳಗೆ ನೀರು ಹೋಗಿ ಸಾಯುವುದೂ ಇದೆ, ವೈರ್ ಒಳಗೊಳಗೇ ಮುರಿಯುವುದೂ ಇದೆ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರ ಹಸಿರು ಪುಡಿ ಆಗಿರುತ್ತದೆ.

ಎತ್ತಿದ ಡ್ರೈವಿನ ಕೆಳಗೆ ಕೈ ಹಾಕುವ ಮೊದಲು ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಿ ಕೈ ಕೊಡಬೇಡಿ.

ಕೋಡಿಬಾಗ ಡ್ರೈವರ್:

ಇಬ್ಬರೂ ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಕೂತು ನೋಡಿದೆ. ಬ್ಲೋವರ್ ಮಾತು ಹೇಳಿದ್ದಕ್ಕೆ ಋಣಿ. ಟ್ರಾಲರ್‌ನಲ್ಲಿ ಇಂಜಿನ್ ಪಕ್ಕವೇ ಬೀಡಿ ಸೇದುವವರನ್ನು ನೋಡಿ ಬೆಳೆದವನು, ನನಗೆ ಅದು ತಲೆಗೆ ಬರುತ್ತಿರಲಿಲ್ಲ.

ಐ ಮತ್ತು ಜಿ ನಡುವೆ 12.4 ವೋಲ್ಟ್. ಬ್ಯಾಟರಿಯಲ್ಲೂ ಅಷ್ಟೇ. ಎಸ್ ಕಳಚಿದಾಗ ಮುಳ್ಳು ಮೇಲೆಯೇ. ಎಸ್ ಮತ್ತು ಜಿ ಸೇರಿಸಿದ ಕೂಡಲೇ ಮುಳ್ಳು ಸರ್ರನೆ ಕೆಳಗಿಳಿಯಿತು! ಎರಡು ತಿಂಗಳಲ್ಲಿ ಮೊದಲ ಸಲ ಅದು ಕೆಳಗೆ ನಿಂತದ್ದು ನೋಡಿದೆ. ಗೇಜ್ ಒಳ್ಳೆಯದಿದೆ ಎಂದಾಯಿತು.

ಹಿಂದೆ ಟ್ರಿಮ್ ಪಂಪ್ ಹತ್ತಿರ ಕಂದು-ಬಿಳಿ ವೈರ್ ಸಿಕ್ಕಿತು. ಬಿಡಿಸಿ ಗ್ರೌಂಡಿಗೆ ತಾಗಿಸಿದೆ, ಮಗ ಮುಂದೆ ನಿಂತು ಮುಳ್ಳು ಇಳಿಯಿತು ಎಂದು ಕೂಗಿದ. ಬೋಟಿನ ಉದ್ದಕ್ಕೂ ವೈರ್ ಸರಿ ಇದೆ. ಆಮೇಲೆ ಸೆಂಡರಿನ ಎರಡು ವೈರ್ ನಡುವೆ ಓಮ್. ಡ್ರೈವ್ ಕೆಳಗೆ, ಸ್ಟಿಯರಿಂಗ್ ನೇರ. ಮೀಟರ್ ಏನೂ ತೋರಿಸಲಿಲ್ಲ. ಸ್ಟಿಯರಿಂಗ್ ಎಡಕ್ಕೆ, ಏನೂ ಇಲ್ಲ. ಬಲಕ್ಕೆ ಪೂರ್ತಿ ತಿರುಗಿಸಿದಾಗ 13 ಓಮ್ ಬಂತು, ಎರಡು ಸೆಕೆಂಡ್ ನಿಂತಿತು, ಹೋಯಿತು. ಮತ್ತೆ ಮಾಡಿದೆ, ಮತ್ತೆ ಬಂತು.

ಡ್ರೈವ್ ಎತ್ತಿ, ದಿಮ್ಮಿ ಕೊಟ್ಟು, ಟಾರ್ಚ್ ಹಿಡಿದು ಒಳಗೆ ನೋಡಿದೆ. ಬಲಗಡೆ ಸೆಂಡರಿನಿಂದ ಬರುವ ವೈರಿಗೆ ಒಂದು ಕೇಬಲ್ ಟೈ ಹಾಕಿ ಬಿಗಿದಿದ್ದಾರೆ. ಎಷ್ಟು ಬಿಗಿ ಎಂದರೆ ಟೈ ರಬ್ಬರಿನೊಳಗೆ ಇಳಿದಿದೆ. ಡ್ರೈವ್ ತಿರುಗಿದಾಗಲೆಲ್ಲ ವೈರ್ ಅದೇ ಒಂದು ಜಾಗದಲ್ಲಿ ಬಾಗಬೇಕು, ಬೇರೆ ದಾರಿಯೇ ಇಲ್ಲ. ಮಳೆಗಾಲಕ್ಕೆ ಮೊದಲು ಒಂದು ಕಡೆ ಬೆಲ್ಲೋಸ್ (ಡ್ರೈವ್ ಸೇರುವಲ್ಲಿ ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಕೊಳವೆ) ಬದಲಿಸಲು ಬೋಟ್ ಕೊಟ್ಟಿದ್ದೆವು. ಆಗ ಹಾಕಿದ ಟೈ ಇದು, ಬಣ್ಣ ಇನ್ನೂ ಹೊಸದಾಗಿಯೇ ಇದೆ. ವೈರ್ ಜೋತು ಬೀಳಬಾರದು ಎಂದೇ ಕಟ್ಟಿರಬೇಕು. ಬೆಲ್ಲೋಸ್ ಕೆಲಸ ಒಳ್ಳೆಯದೇ ಮಾಡಿದ್ದಾರೆ, ಒಂದು ಹನಿ ನೀರು ಒಳಗೆ ಬಂದಿಲ್ಲ.

ಟೈ ಕತ್ತರಿಸಿ ಆ ಜಾಗ ಬೆರಳಲ್ಲಿ ಒತ್ತಿದೆ. ಒಳಗೆ ಪುಡಿ ಪುಡಿ ಅನ್ನಿಸಿತು.

ಈಗ ನನ್ನ ಪ್ರಶ್ನೆ. ಸೆಂಡರ್ ಜೀವಂತ ಇದೆ, 13 ಓಮ್ ಕೊಟ್ಟಿದೆ. ಆ ಒಂದು ಅಂಗುಲ ಕತ್ತರಿಸಿ ಜೋಡಿಸಿದರೆ ಸಾಕಲ್ವಾ? ಅಥವಾ ಹೊಸದೇ ಬೇಕಾ?

ಶಿರಸಿ ವೈರ್‌ಮನ್:

ಜೋಡಿಸಬಹುದು ಅಣ್ಣ. ಕೊಳೆತ ಭಾಗ ಪೂರ್ತಿ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಹೋಗಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಸಿಗುತ್ತದೆ, ಬಿಸಿ ಮಾಡಿದರೆ ಅಂಟು ಕರಗಿ ಎರಡೂ ಕಡೆ ಹೊರಗೆ ಬರುತ್ತದೆ. ನಾವು ಬೋರ್‌ವೆಲ್‌ ಮೋಟರ್ ಕೇಬಲ್ ಜೋಡಿಸಿ ನೂರಾರು ಅಡಿ ನೀರಲ್ಲಿ ಇಳಿಸುತ್ತೇವೆ, ವರ್ಷಗಟ್ಟಲೆ ಇರುತ್ತದೆ. ಬರೀ ಟೇಪ್ ಸುತ್ತಬೇಡಿ, ಅಷ್ಟೇ.

ಅಂಕೋಲಾ–ಗೋವಾ:

ವೈರ್‌ಮನ್ ಮೇಲೆ ನನಗೆ ಗೌರವ ಇದೆ, ಆದರೆ ಈ ಒಂದು ವಿಷಯಕ್ಕೆ ಒಪ್ಪಲಾರೆ. ಬೋರ್‌ವೆಲ್‌ನಲ್ಲಿ ಕೇಬಲ್ ಅಲುಗುವುದಿಲ್ಲ, ಸಿಹಿನೀರು ಬೇರೆ. ಇಲ್ಲಿ ಜೋಡಣೆ ಬರುವುದು ಸರಿಯಾಗಿ ಬಾಗುವ ಜಾಗದಲ್ಲೇ. ಸ್ಲೀವ್ ಹಾಕಿದ ತುಂಡು ಗಟ್ಟಿಯಾಗುತ್ತದೆ. ಬಾಗುವ ಕೆಲಸ ಅದರ ಎರಡೂ ತುದಿಗೆ ಹೋಗುತ್ತದೆ, ಆರು ತಿಂಗಳಲ್ಲಿ ಅಲ್ಲಿ ಮುರಿಯುತ್ತದೆ. ನಾನೇ ಹಾಗೆ ಜೋಡಿಸಿ, ನಾನೇ ಮತ್ತೆ ಬಿಚ್ಚಿದ್ದೇನೆ. ಜಾತ್ರೆಗೆ ಹೋಗಿ ಬರುವಷ್ಟು ತಾತ್ಕಾಲಿಕಕ್ಕೆ ಆದೀತು. ಕಾಯಂಗೆ ಬೇಡ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಎಡಗಡೆಯ ಲಿಮಿಟ್ ಸ್ವಿಚ್ಚಿನ ವೈರಿಗೂ ಅದೇ ಥರ ಟೈ ಬಿಗಿದಿದ್ದಾರಾ ನೋಡಿ. ಗೇಜ್ ಕೆಟ್ಟರೆ ನಿಮಗೆ ಮಾಹಿತಿ ತಪ್ಪು ಸಿಗುತ್ತದೆ. ಲಿಮಿಟ್ ಸ್ವಿಚ್ ಕೆಟ್ಟರೆ ಡ್ರೈವಿಗೇ ಅಪಾಯ. ಡ್ರೈವಿಗೆ ಎರಡೂ ಪಕ್ಕದಿಂದ ಆಸರೆ ಕೊಡುವುದು ಗಿಂಬಲ್ ರಿಂಗ್. ಒಂದು ಮಟ್ಟದವರೆಗೆ ಮಾತ್ರ ಆ ಆಸರೆ ಇರುತ್ತದೆ. ಓಡುವಾಗ ಟ್ರಿಮ್ ಬಟನ್ ಎಷ್ಟು ಒತ್ತಿದರೂ ಅಲ್ಲಿಗೆ ನಿಲ್ಲಬೇಕು, ನಿಲ್ಲಿಸುವುದು ಆ ಸ್ವಿಚ್. ಅದಕ್ಕಿಂತ ಮೇಲೆ ಎತ್ತಲು ಬೇರೆ ಟ್ರೇಲರ್ ಬಟನ್ ಇದೆ. ಸ್ವಿಚ್ಚಿನ ವೈರ್ ತುಂಡಾದರೆ ಟ್ರಿಮ್ ಬಟನ್ ಒತ್ತಿದರೆ ಮೇಲೇಳುವುದಿಲ್ಲ, ಟ್ರೇಲರ್ ಬಟನ್‌ಗೆ ಏಳುತ್ತದೆ. ಅದು ಕಿರಿಕಿರಿ ಅಷ್ಟೇ. ಆದರೆ ಎರಡು ವೈರ್ ಒಳಗೇ ತಾಗಿಕೊಂಡರೆ ಸ್ವಿಚ್ ಇಲ್ಲದಂತೆಯೇ. ಓಡುವಾಗಲೇ ಡ್ರೈವ್ ಆಸರೆ ದಾಟಿ ಮೇಲೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಜೋರು ಮಾಡಿದರೆ ಡ್ರೈವ್ ಪಕ್ಕಕ್ಕೆ ಒದ್ದಾಡುತ್ತದೆ, ಜೊತೆಗೆ ಸ್ಟಿಯರಿಂಗೂ.

ಪರೀಕ್ಷೆ ಸುಲಭ. ಮೀಟರನ್ನು ಬೀಪ್‌ಗೆ ಇಡಿ, ಸ್ವಿಚ್ಚಿನ ಎರಡು ವೈರ್ ನಡುವೆ ಡ್ರೈವ್ ಕೆಳಗಿರುವಾಗ ಮೀಟರ್ ಕೂಗಬೇಕು. ಎತ್ತುತ್ತಾ ಹೋದರೆ ಲಿಮಿಟ್ ಹತ್ತಿರ ಕೂಗು ನಿಲ್ಲಬೇಕು.

ಸೆಂಡರ್ ಮತ್ತು ಸ್ವಿಚ್ ಎರಡೂ ವೈರ್ ಸಮೇತ ಒಂದೇ ಸೆಟ್ಟಾಗಿ ಸಿಗುತ್ತವೆ. ವೈರ್‌ಗಳು ಬೋಟಿನೊಳಗೆ ಹೋಗುವ ಜಾಗ ಡ್ರೈವಿನ ಹಿಂದೆ ಅಡಗಿದೆ, ಆದ್ದರಿಂದ ಸರಿಯಾಗಿ ಮಾಡಲು ಡ್ರೈವನ್ನೇ ಬೋಟಿನಿಂದ ಕಳಚಿ ತೆಗೆಯಿರಿ. ಆರು ನಟ್. ಬಿಚ್ಚುವ ಮೊದಲು ಗೇರ್ ಲಿವರ್ ಫಾರ್ವರ್ಡ್‌ಗೆ ಹಾಕಿ, ಕೂಡಿಸುವಾಗಲೂ ಫಾರ್ವರ್ಡ್‌ನಲ್ಲೇ ಇರಬೇಕು. ಇದು ಮರೆತರೆ ಆಲ್ಫಾ ಡ್ರೈವಿನ ಶಿಫ್ಟ್ ಕೊಂಡಿ ಹಾಳಾಗುತ್ತದೆ. ಹೇಗೂ ಬಿಚ್ಚಿದ ಮೇಲೆ ಗಿಂಬಲ್ ಬೇರಿಂಗಿಗೆ ಗ್ರೀಸ್ ಕೊಡಿ, ಗ್ಯಾಸ್ಕೆಟ್ ಹೊಸದು ಹಾಕಿ.

ಮತ್ತೆ, ನೀವು ಮರಳಿಗೆ ತಾಗಿಸಿದಿರಿ ಅಲ್ವಾ? ಆಲ್ಫಾದಲ್ಲಿ ಇಂಜಿನ್ ತಂಪಿಗೆ ನೀರು ಎಳೆಯುವ ಪಂಪ್ ಡ್ರೈವಿನೊಳಗೇ ಇದೆ. ರಬ್ಬರ್ ಇಂಪೆಲ್ಲರ್. ಮರಳು ನುಂಗಿದರೆ ಅದು ಸವೆಯುತ್ತದೆ. ಬಿಚ್ಚಿ ನೋಡದೆ ಜಾತ್ರೆಗೆ ಹೋಗಬೇಡಿ.

ಶಿರಸಿ ವೈರ್‌ಮನ್:

ಬಾಗುವ ಜಾಗ ಎಂಬುದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಹೊಸ ಸೆಟ್ಟೇ ಸರಿ. ನನ್ನ ಮಾತು ವಾಪಸ್ ತೆಗೆದುಕೊಂಡೆ. ಬೋಟಿನೊಳಗೆ ಒಣಗಿದ ಜಾಗದಲ್ಲಿ ಬರುವ ಜೋಡಣೆಗೆ ಮಾತ್ರ ಆ ಸ್ಲೀವ್ ಹಾಕಿ. ವೈರ್ ತೆಗೆದುಕೊಳ್ಳುವುದಿದ್ದರೆ ತವರ ಲೇಪಿಸಿದ ತಾಮ್ರದ್ದು ಕೇಳಿ. ನಾವು ಮನೆಗೆ ಹಾಕುವ ಕೆಂಪು ತಾಮ್ರದ ವೈರ್ ಉಪ್ಪುಗಾಳಿಗೆ ಬೇಗ ಹಸಿರಾಗುತ್ತದೆ.

ತದಡಿ ತಾಂಡೇಲ:

ಎಣಿಸಿ ನೋಡಿದೆಯಾ ತಮ್ಮಾ?

ಕೋಡಿಬಾಗ ಡ್ರೈವರ್:

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಸೆಟ್ ಗೋವಾದಿಂದ ಬರಲು ಒಂದು ವಾರ ಹಿಡಿಯಿತು.

ಎಡಗಡೆ ಸ್ವಿಚ್ಚಿನ ವೈರಿಗೂ ಅದೇ ಟೈ ಇತ್ತು. ಅಂಕೋಲೆಯವರೇ, ನೀವು ಹೇಳದಿದ್ದರೆ ನಾನು ಆ ಬದಿ ನೋಡುತ್ತಲೇ ಇರಲಿಲ್ಲ. ಮೀಟರ್ ಇಟ್ಟರೆ ಡ್ರೈವ್ ಎಲ್ಲಿದ್ದರೂ ಒಂದೇ ಸಮನೆ ಕೂಗುತ್ತಿತ್ತು, ಲಿಮಿಟ್ ದಾಟಿದರೂ ನಿಲ್ಲಲಿಲ್ಲ. ಹಳೆಯ ವೈರ್ ತೆಗೆದ ಮೇಲೆ ಬ್ಲೇಡಿನಿಂದ ಸೀಳಿ ನೋಡಿದೆ. ಟೈ ಒತ್ತಿ ಒತ್ತಿ ಒಳಗಿನ ಎರಡು ಎಳೆಗಳ ನಡುವಿನ ಪದರ ಹೋಗಿತ್ತು, ಎರಡೂ ತಾಮ್ರ ಒಂದಕ್ಕೊಂದು ತಾಗಿ ಕಪ್ಪಾಗಿದ್ದವು. ಇಷ್ಟು ದಿನ ಓಡುವಾಗ ಎಷ್ಟು ಎತ್ತಿದ್ದೆನೋ ದೇವರೇ ಬಲ್ಲ. ಗೇಜೂ ಸುಳ್ಳು, ತಡೆಯುವ ಸ್ವಿಚ್ಚೂ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೋಟ್ ಟ್ರೇಲರಿಗೆ ಏರಿಸಿ ಅಂಗಳಕ್ಕೆ ತಂದೆವು. ಲಿವರ್ ಫಾರ್ವರ್ಡ್‌ಗೆ ಹಾಕಿ, ಮರೆಯಬಾರದು ಎಂದು ಅದರ ಮೇಲೆ ಬಿಳಿ ಬಟ್ಟೆ ಕಟ್ಟಿದೆ. ಡ್ರೈವಿಗೆ ಚೈನ್ ಬ್ಲಾಕ್ ಕೊಟ್ಟು ಆರು ನಟ್ ಬಿಚ್ಚಿದೆವು. ಕೊನೆಯ ಎರಡು ಬಿಗಿದಿದ್ದವು, ಪಾನಾಗೆ ಪೈಪ್ ಹಾಕಿ ತಿರುಗಿಸಬೇಕಾಯಿತು. ಹೊಸ ವೈರ್ ಹಳೆಯದರ ದಾರಿಯಲ್ಲೇ ಎಳೆದೆ. ಕಟ್ಟುವ ಮೊದಲು ಡ್ರೈವ್ ಕೂಡಿಸಿ, ಸ್ಟಿಯರಿಂಗ್ ಎರಡೂ ತುದಿಗೆ ತಿರುಗಿಸಿದೆ, ಪೂರ್ತಿ ಎತ್ತಿದೆ, ಪೂರ್ತಿ ಇಳಿಸಿದೆ. ವೈರ್ ಎಲ್ಲೂ ಬಿಗಿಯದ ಹಾಗೆ, ಎಲ್ಲೂ ಉಜ್ಜದ ಹಾಗೆ ನೋಡಿಕೊಂಡು, ಮೊದಲು ಬಂದಿದ್ದ ಕ್ಲಿಪ್ಪಿನಲ್ಲೇ ಹಿಡಿಸಿದೆ. ಕೇಬಲ್ ಟೈ ಒಂದನ್ನೂ ಹಾಕಿಲ್ಲ.

ಸೆಂಡರ್ ಕೂಡಿಸುವುದು ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಡ್ರೈವ್ ಪೂರ್ತಿ ಇಳಿಸಿ, ಕೀ ಆನ್ ಮಾಡಿ, ಸೆಂಡರಿನ ಎರಡು ಸ್ಕ್ರೂ ಸ್ವಲ್ಪ ಸಡಿಲಿಸಿದೆ. ಸ್ಕ್ರೂ ಕೂರುವ ತೂತು ಉದ್ದಕ್ಕಿದೆ, ಆದ್ದರಿಂದ ಡಬ್ಬಿ ಅತ್ತಿತ್ತ ತಿರುಗುತ್ತದೆ. ಮಗ ಮುಂದೆ ಗೇಜ್ ನೋಡುತ್ತಿದ್ದ. ಕೂದಲೆಳೆಯಷ್ಟು ತಿರುಗಿಸಿದರೂ ಮುಳ್ಳು ಓಡುತ್ತದೆ. ಕೆಳಗಿನ ಗೆರೆಗೆ ಸರಿಯಾಗಿ ಬಂದಾಗ ಅವನು ನಿಲ್ಲಿಸಿ ಎಂದ, ಬಿಗಿದೆ. ಬಿಗಿಯುವಾಗ ಒಮ್ಮೆ ಸರಿದು ಹೋಯಿತು, ಮತ್ತೆ ಮಾಡಿದೆ. ಲಿಮಿಟ್ ಸ್ವಿಚ್ ಮಾತ್ರ ಅಂದಾಜಿನಲ್ಲಿ ಮಾಡಲಿಲ್ಲ. ಮ್ಯಾನ್ಯುಯಲ್ ತರಿಸಿ, ಟ್ರಿಮ್ ಸಿಲಿಂಡರ್ ಎಷ್ಟು ಹೊರಗೆ ಬರಬೇಕು ಎಂದು ಅದರಲ್ಲಿದೆಯೋ ಅಷ್ಟನ್ನೇ ಟೇಪ್ ಹಿಡಿದು ಅಳೆದು ಕೂಡಿಸಿದೆ.

ಇಂಪೆಲ್ಲರ್ ಬಿಚ್ಚಿದಾಗ ಎರಡು ರೆಕ್ಕೆಯ ತುದಿ ಸವೆದು ಓರೆಯಾಗಿತ್ತು, ಅದು ತಿರುಗುವ ಗೂಡಿನ ಒಳಗೋಡೆಗೆ ಮರಳು ಗೆರೆ ಎಳೆದಿತ್ತು. ಅದನ್ನೂ ಹೊಸದು ಹಾಕಿದೆ. ಮಾಲಕರಿಗೆ ಹಳೆಯದನ್ನು ಕೈಯಲ್ಲಿ ಕೊಟ್ಟು ತೋರಿಸಿದೆ. ಖರ್ಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ತಾಂಡೇಲರೇ, ಎಣಿಸಿದೆ. ಪೂರ್ತಿ ಕೆಳಗಿನಿಂದ ಲಿಮಿಟ್‌ವರೆಗೆ ಏಳು. ನಾಲ್ಕಕ್ಕೆ ಮುಳ್ಳು ಅರ್ಧ ದಾಟುತ್ತದೆ. ಗೇಜಿನ ಪಕ್ಕದಲ್ಲಿ ಪೇಂಟಿನಿಂದ ಬರೆದಿದ್ದೇನೆ. ಇನ್ನು ಮುಂದೆ ಗೇಜ್ ಮತ್ತು ಎಣಿಕೆ ಎರಡೂ ಹೊಂದದಿದ್ದರೆ ಬೋಟ್ ತೆಗೆಯುವುದಿಲ್ಲ.

ನಿನ್ನೆ ಒಬ್ಬನೇ ಕೂರ್ಮಗಡದವರೆಗೆ ಹೋಗಿ ಬಂದೆ. ಹೋಗುವಾಗ ಉಬ್ಬರ, ಸಮುದ್ರ ತಿಳಿಯಾಗಿತ್ತು. ಬೇಕೆಂದೇ ನೀರು ಇಳಿಯುವವರೆಗೆ ಕಾದು ವಾಪಸ್ ಹೊರಟೆ. ಅಳಿವೆ ಹತ್ತಿರ ಬಂದ ಮೇಲೆ ವೇಗ ಪೂರ್ತಿ ಇಳಿಸಿ, ಟ್ರೇಲರ್ ಬಟನ್‌ನಿಂದ ಎತ್ತಿದೆ.

ಅಂಕೋಲಾ–ಗೋವಾ:

ಹಾಗೆ ಎತ್ತಿದಾಗ 1200 ಆರ್‌ಪಿಎಂ ದಾಟಿಸಬೇಡಿ. ಮತ್ತು ನೀರು ಎಳೆಯುವ ತೂತು ನೀರೊಳಗೇ ಇರಬೇಕು, ಇಲ್ಲದಿದ್ದರೆ ಹೊಸ ಇಂಪೆಲ್ಲರ್ ಒಣಗಿ ಉರಿದು ಹೋಗುತ್ತದೆ. ಟೆಂಪರೇಚರ್ ಗೇಜ್ ಮೇಲೆ ಕಣ್ಣಿರಲಿ.

ಕೋಡಿಬಾಗ ಡ್ರೈವರ್:

ಸಾವಿರದಲ್ಲೇ ಇಟ್ಟಿದ್ದೆ. ಟೆಂಪರೇಚರ್ ಅಲುಗಲಿಲ್ಲ. ಹೋದ ಸಲ ಸಿಕ್ಕಿಬಿದ್ದ ದಿಬ್ಬದ ಮೇಲೆಯೇ ಬಂದೆ. ಮುಳ್ಳು ಮೇಲೆ, ಹಿಂದೆ ತಿರುಗಿ ನೋಡಿದರೆ ಡ್ರೈವೂ ಮೇಲೆ. ಕೋಲು ಇಳಿಸಿ ನೋಡಿದೆ, ಸ್ಕೆಗ್ ಮತ್ತು ಮರಳಿನ ನಡುವೆ ಒಂದು ಗೇಣು ನೀರಿತ್ತು.

ಅಮ್ಮನಿಗೆ ಲೈಫ್ ಜಾಕೆಟ್ ಅಳತೆ ನೋಡಿ ಆಯಿತು, ಸೀರೆಯ ಮೇಲೆ ಸರಿಯಾಗಿ ಕೂರುತ್ತದೆ. ಜಾತ್ರೆ ದಿನ ಬೆಳಿಗ್ಗೆ ಬೇಗ ಹೊರಡುತ್ತೇವೆ. ಬೋಟಿನಲ್ಲಿ ನಾಲ್ಕೇ ಜನ, ಒಂದು ಬಾಳೆಗೊನೆ. ಇಳಿತ ಜೋರಾಗುವ ಮೊದಲೇ ವಾಪಸ್ ಬರಬೇಕು ಎಂದು ಅವರಿಗೆ ಹೇಳಿ ಒಪ್ಪಿಸಿದ್ದೇನೆ.